ಮೂಡಲ ಕಡೆಯ ಗೋಲು

ಕೊಬ್ಬರಿ ಎಣ್ಣೆ ಹಚ್ಚಿದ ಹಳೆಯ ಚರ್ಮದ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಅರಸೀಕೆರೆಯ ನಮ್ಮ ಮನೆ ಕಣ್ಣೆದುರು ಬರುತ್ತದೆ. ಅಟ್ಟದ ಮೇಲೆ ಕೊಬ್ಬರಿಯಾಗಲು ಬಿಟ್ಟ ಕಾಯಿಗಳ ರಾಶಿ, ನಡುಮನೆಯ ಕಂಬಕ್ಕೊರಗಿ ಕೂತ ಅಜ್ಜಿ, ಕಿಟಕಿಯ ಬೆಳಕಿನಲ್ಲಿ ಹಳೆಯ ಫುಟ್‌ಬಾಲಿಗೆ ಎಣ್ಣೆ ತಿಕ್ಕುತ್ತಿದ್ದ ಚಿಕ್ಕಪ್ಪ. ಆ ಚೆಂಡನ್ನು ಅವರು ಯಾರಿಗೂ ಆಡಲು ಕೊಡುತ್ತಿರಲಿಲ್ಲ, ತಾವೂ ಆಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಅಟ್ಟದಿಂದ ಇಳಿಸಿ, ಎಣ್ಣೆ ಹಚ್ಚಿ, ಮತ್ತೆ ಮೇಲಿಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ಅಜ್ಜಿ ಮುಖ ತಿರುಗಿಸುತ್ತಿದ್ದಳು. ನೀವೂ ಇಂಥ ತುಂಬಿದ ಮನೆಯಲ್ಲಿ ಬೆಳೆದವರಾದರೆ ನಿಮಗೆ ಗೊತ್ತಿರುತ್ತದೆ, ದೊಡ್ಡವರು ಬಾಯಿಬಿಟ್ಟು ಹೇಳದ ಮಾತೇ ಮಕ್ಕಳಿಗೆ ಮೊದಲು ತಿಳಿದುಬಿಡುತ್ತದೆ.

ಮಾತು ಇಷ್ಟೇ. ಚಿಕ್ಕಪ್ಪ ಹರೆಯದಲ್ಲಿ ಬೆಂಗಳೂರಿನ ಒಂದು ತಂಡಕ್ಕೆ ಗೋಲ್‌ಕೀಪರ್ ಆಗಿದ್ದರು. ಒಂದು ಫೈನಲ್ ಪಂದ್ಯದ ಕೊನೆಯಲ್ಲಿ, ಮೇಲಿನಿಂದ ತೇಲಿಬಂದ ಸುಲಭದ ಚೆಂಡನ್ನು ಹಿಡಿಯದೆ ಬಿಟ್ಟರು. ತಂಡ ಸೋತಿತು. ಆರು ತಿಂಗಳೊಳಗೆ, ಗೆದ್ದ ತಂಡವನ್ನು ನಡೆಸುತ್ತಿದ್ದ ಕಾರ್ಖಾನೆಯಲ್ಲೇ ಅವರಿಗೆ ಕೆಲಸ ಸಿಕ್ಕಿತು. ಬೇಕೆಂದೇ ಬಿಟ್ಟ ಎನ್ನಲು ಊರಿಗೆ ಅಷ್ಟು ಸಾಕಾಯಿತು. ಎರಡೇ ವರ್ಷಕ್ಕೆ ಆ ಕೆಲಸ ಬಿಟ್ಟು ಬಂದು ನಮ್ಮಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತರೂ ಅನುಮಾನ ಅಳಿಯಲಿಲ್ಲ. ತಪ್ಪಿಲ್ಲದಿದ್ದರೆ ಯಾಕೆ ಬಿಟ್ಟ ಎಂದರು ಜನ. “ಹೌದು ಅನ್ನಾಕಿಲ್ಲ, ಅಲ್ಲ ಅನ್ನಾಕಿಲ್ಲ ಇವನು” ಎಂದು ಅಜ್ಜಿ ಗೊಣಗುತ್ತಿದ್ದಳು. ನಾನೂ ಅವರನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಬೆಳೆದೆ. ಕೇರಂನಲ್ಲಿ ಅವರು ನನಗೆ ಸೋತರೆ ಖುಷಿಯಾಗುತ್ತಿರಲಿಲ್ಲ. ಬೇಕೆಂದೇ ಸೋತರೇನೋ ಎಂದು ಅವರ ಬೆರಳನ್ನೇ ಗಮನಿಸುತ್ತಿದ್ದೆ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ದೊಡ್ಡ ಕ್ಲಬ್ಬುಗಳ ಲೀಗ್ ಪಂದ್ಯಗಳು ಟಿವಿಯಲ್ಲಿ ಬರತೊಡಗಿದ್ದವು. ಹಾಸ್ಟೆಲಿನಲ್ಲಿದ್ದ ಮಾದಿಹಳ್ಳಿಯ ಮಂಜ, ರೈಲ್ವೆ ಕ್ವಾರ್ಟರ್ಸಿನ ಸಾದಿಕ್ ಮತ್ತು ನಾನು ಬೆಂಗಳೂರಿಗೆ ಹೋಗಿ ಒಂದು ಪಂದ್ಯ ನೋಡಲೇಬೇಕೆಂದು ಹಟ ಹಿಡಿದೆವು. ದೊಡ್ಡವರಿಲ್ಲದೆ ಕಳಿಸುವುದಿಲ್ಲ ಎಂದರು ಅಪ್ಪ. ಅಲ್ಲೇ ಊಟ ಮಾಡುತ್ತಿದ್ದ ಚಿಕ್ಕಪ್ಪ ತಲೆಯೆತ್ತದೆ, “ನಾನು ಕರ್ಕೊಂಡು ಹೋಗ್ತೀನಿ ಬಿಡಣ್ಣ” ಎಂದರು. ಅಷ್ಟು ವರ್ಷದಿಂದ ಆಟದ ಸುದ್ದಿಯನ್ನೇ ಎತ್ತದಿದ್ದವರಿಗೆ ಈಗೇನಾಯಿತು? ಅವರು ಎದ್ದು ಹೋದ ಮೇಲೆ ಅಜ್ಜಿ ಮೆಲ್ಲಗೆ, “ಅಲ್ಲಿ ಯಾರ್ನ ನೋಡೋಕ್ ಹೋಗ್ತಾನೋ” ಎಂದಳು. ರೈಲಿನುದ್ದಕ್ಕೂ ಆ ಮಾತು ನನ್ನ ತಲೆಯಲ್ಲಿತ್ತು.

ಚಿಕ್ಕಪ್ಪ ಆ ಫೈನಲ್ ಆಡಿದ್ದ ಸ್ಟೇಡಿಯಂ ಮುದಿಯಾಗಿತ್ತು. ಮೆಟ್ಟಿಲುಗಳ ಸಿಮೆಂಟು ಕಿತ್ತು ಕಬ್ಬಿಣ ಕಾಣುತ್ತಿತ್ತು, ಬಿರುಕುಗಳಲ್ಲಿ ಗರಿಕೆ ಬೆಳೆದಿತ್ತು, ಕಾಲಿಟ್ಟಲ್ಲೆಲ್ಲ ಕಡಲೆಕಾಯಿ ಸಿಪ್ಪೆ. ಚಿಕ್ಕಪ್ಪ ದಾರಿ ಕೇಳದೆಯೇ ನಮ್ಮನ್ನು ಪಡುವಣದ ಗ್ಯಾಲರಿಗೆ ಕರೆದೊಯ್ದು ಕೂರಿಸಿದರು. ಯಾರಾದರೂ ಗುರುತು ಹಿಡಿದು ಮಾತಾಡಿಸುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಯಾರೂ ಮಾತಾಡಿಸಲಿಲ್ಲ. ಅವರು ಚೆಂಡನ್ನೂ ನೋಡುತ್ತಿರಲಿಲ್ಲ. ಆಟ ಎತ್ತ ಸಾಗಿದರೂ ಕಣ್ಣು ಎದುರಿನ, ಮೂಡಲ ಕಡೆಯ ಗೋಲಿನ ಮೇಲೆಯೇ ಇತ್ತು.

ಐದು ಗಂಟೆ ಹತ್ತಿರವಾಗಿ ಆಟ ಮುಗಿಯುತ್ತಾ ಬಂದಾಗ ದೂರದಿಂದ ಯಾರೋ ಎತ್ತರಕ್ಕೆ ಒದ್ದ ಚೆಂಡು ನಿಧಾನವಾಗಿ ಆ ಗೋಲಿನತ್ತ ಇಳಿಯಿತು. ಕೀಪರ್ ಎರಡು ಕೈ ಎತ್ತಿ ನಿಂತಿದ್ದ. ಚೆಂಡು ಅವನ ಭುಜದ ಪಕ್ಕದಲ್ಲೇ ಒಳಗೆ ಬಿತ್ತು. ಗ್ಯಾಲರಿಗೆ ಗ್ಯಾಲರಿಯೇ ಬೈಯತೊಡಗಿತು. ನಮ್ಮ ಮನೆಯ ಕತೆ ಗೊತ್ತಿಲ್ಲದ ಮಂಜ, “ಬೇಕಂತ್ಲೇ ಬಿಟ್ಟ ಕಣ್ಲಾ, ಕೈಗೇ ಬಂದಿತ್ತು” ಎಂದ.

“ಅವನಿಗೆ ಕಾಣ್ಲಿಲ್ಲ ಕಣಪ್ಪ,” ಎಂದರು ಚಿಕ್ಕಪ್ಪ, ತಣ್ಣಗೆ. “ಈ ಹೊತ್ತಲ್ಲಿ ಅಲ್ಲಿ ನಿಂತ್ರೆ ನಮ್ ತಲೆ ಮೇಲಿನ ಈ ಛಾವಣಿ ಸಂದಿಯಿಂದ ಬಿಸ್ಲು ಕಣ್ಣಿಗೇ ಹೊಡೀತದೆ.”

ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಅವರು ಮಂಜನಿಗೆ ಹೇಳಿದ್ದರು. ನನಗೆ ನಂಬಿಕೆ ಬರಲಿಲ್ಲ. ನಾವು ಕೂತ ಜಾಗದಿಂದ ಆ ಗೋಲು ಸ್ಪಷ್ಟವಾಗಿ, ಹಿತವಾದ ಬೆಳಕಿನಲ್ಲಿ ಕಾಣುತ್ತಿತ್ತು. ಕಟ್ಟಿದ ನೆಪ ಅನ್ನಿಸಿತು. ಆಟ ಮುಗಿದು ಜನ ಮೈದಾನಕ್ಕೆ ಇಳಿದಾಗ, ನೀರು ಕುಡಿದು ಬರುತ್ತೇನೆಂದು ಸುಳ್ಳು ಹೇಳಿ ನಾನೊಬ್ಬನೇ ಓಡಿದೆ. ಗೋಲಿನ ನಡುವೆ ನಿಂತು ತಿರುಗಿ ತಲೆಯೆತ್ತಿದೆ. ಪಡುವಣದ ಗ್ಯಾಲರಿಯ ಛಾವಣಿಯ ಸಂದಿಯಿಂದ ಸೂರ್ಯ ನೇರ ಕಣ್ಣೊಳಗೆ ನುಗ್ಗಿದ. ಮೈದಾನವೂ ಇಲ್ಲ, ಜನರೂ ಇಲ್ಲ, ಬರೀ ಬಿಳುಪು. ಕಣ್ಣಿನಲ್ಲಿ ನೀರು ಬಂತು.

ಮರಳಿ ಬಂದಾಗ ಚಿಕ್ಕಪ್ಪ ಬೇಲಿಯ ಬಳಿ ನಿಂತಿದ್ದರು. “ಕಾಣಿಸ್ತೇನೋ?” ಎಂದು ಕೇಳಿದರು.

“ಇಲ್ಲ ಚಿಕ್ಕಪ್ಪ.”

“ಬಾ, ರೈಲಿಗೆ ಹೊತ್ತಾಯ್ತು.” ಸಿಟ್ಟಿರಲಿಲ್ಲ. ರೈಲಿನಲ್ಲಿ ಕಿಟಕಿಯ ಜಾಗವನ್ನು ನನಗೇ ಬಿಟ್ಟುಕೊಟ್ಟರು. ನಾನೂ ಅವರನ್ನು ಅನುಮಾನಿಸಿದ್ದೆ ಎಂಬುದು ಅವರಿಗೆ ಗೊತ್ತಾಗಿತ್ತು. ಆ ನಾಚಿಕೆಯಲ್ಲಿ ನಾನು ಮನೆಯಲ್ಲಿ ಏನನ್ನೂ ಹೇಳಲಿಲ್ಲ. ಅಜ್ಜಿ ಆ ಅನುಮಾನ ಇಟ್ಟುಕೊಂಡೇ ತೀರಿಕೊಂಡಳು. ಆಸ್ತಿ ಪಾಲಾದ ಮೇಲೆ ಮನೆ ಕೈಬಿಟ್ಟು ಹೋಯಿತು. ನಡುಮನೆಯಿದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ.

ಚಿಕ್ಕಪ್ಪ ಹೋದ ಮೇಲೆ, ಅವರ ತಿಥಿಯ ಊಟದಲ್ಲಿ ನನ್ನ ಪಕ್ಕ ಕೂತಿದ್ದ ಮಂಡಿಯ ಹಳೆಯ ಸಾಹುಕಾರರು ಮತ್ತದೇ ಪಂದ್ಯದ ಮಾತೆತ್ತಿದರು. “ಒಳ್ಳೇ ಮನ್ಸ. ಅದೊಂದು ಮಾಡ್ಬಾರ್ದಿತ್ತು.”

“ಆ ಗೋಲಲ್ಲಿ ನಾನು ನಿಂತು ನೋಡಿದೀನಿ. ಬಿಸಿಲಿಗೆ ಏನೂ ಕಾಣಲ್ಲ ಅಲ್ಲಿ,” ಎಂದೆ.

ಅವರು ತುತ್ತು ನಿಲ್ಲಿಸಿ ನನ್ನನ್ನೇ ನೋಡಿದರು. “ಯಾವಾಗ ನೋಡಿದ್ರಿ?”

“ಹೈಸ್ಕೂಲಲ್ಲಿದ್ದಾಗ.”

“ಮತ್ತೆ ಅವ್ನಿದ್ದಾಗ್ಲೇ ಹೇಳ್ಬೋದಿತ್ತಲ್ಲ,” ಎಂದು ಅವರು ಎಲೆಯತ್ತ ಬಾಗಿದರು.