ಅವನು ಬಿಟ್ಟುಹೋದ ಮುಯ್ಯಿ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಇರಬಹುದು. ಇಷ್ಟು ವರ್ಷ ಕಳೆದರೂ ಅವನ ನಗು ನೆನಪಾದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಬ್ರಿಟಿಷರ ಕಾಲ. ಬಾಳೂರಿನ ಮೇಲ್ಗಡೆ ಒಬ್ಬ ದೊರೆಯ ಕಾಫಿ ಎಸ್ಟೇಟಿನಲ್ಲಿ ಅವನೂ ನಾನೂ ರೈಟರುಗಳು, ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವವರು. ತೋಟದೊಳಗೆ ಆಳುಗಳಿಂದ ಕೆಲಸ ಮಾಡಿಸುವುದು ನನ್ನ ಪಾಲು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಮತ್ತು ಬೀಜ ಒಣಗಿಸುವ ಕಣ ಅವನ ಪಾಲು. ಅವನು ಬಣಕಲ್ ಕಡೆಯ ಸಣ್ಣ ಗದ್ದೆಯವರ ಮನೆಯ ಹುಡುಗ. ನಾನು ಚಿಕ್ಕಮಗಳೂರಿನಲ್ಲಿ ಇಂಗ್ಲಿಷ್ ಓದಿದವನು. ಹಾಗಿದ್ದೂ ತೋಟದ ನಾಯಿ ಸಹ ನನ್ನನ್ನು ಬಿಟ್ಟು ಅವನ ಹಿಂದೆಯೇ ಹೋಗುತ್ತಿತ್ತು. ನಾಯಿಗೆ ರೊಟ್ಟಿ ಹಾಕುತ್ತಿದ್ದವನು ನಾನು!

ಕೊಯ್ಲಿನ ಕಾಲದ ಎಸ್ಟೇಟ್ ಎಂದರೆ ನಾಲ್ಕು ಸಂಸಾರ ಒಂದೇ ಒಲೆಯಲ್ಲಿ ಅಡುಗೆ ಮಾಡಿದ ಹಾಗೆ. ಕೊಯ್ಲಿನವರು ಹಣ್ಣು ತಡವಾಗಿ ತಂದರೆ ಪಲ್ಪರ್ ಮನೆಯವರು ಬೈಯುತ್ತಾರೆ. ಅವರು ತಡ ಮಾಡಿದರೆ ಕಣದ ಹೆಂಗಸರು ಕೈಕಟ್ಟಿ ಕೂರುತ್ತಾರೆ. ಕಣದಲ್ಲಿ ಬೀಜ ಒಣಗದಿದ್ದರೆ ಗಾಡಿಯವರು ಎತ್ತು ಬಿಚ್ಚಿ ಮಲಗುತ್ತಾರೆ. ದಿನವೂ ಜಗಳ, ದಿನವೂ ದೊರೆಯ ಹತ್ತಿರ ಚಾಡಿ. ಆದರೆ ಈ ನಾಲ್ಕು ಕಡೆಯವರಿಗೂ ಅವನು ಬೇಕು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದವರೆಲ್ಲ ಅವನನ್ನು ಕಂಡರೆ ಹಲ್ಲು ಬಿಡುತ್ತಿದ್ದರು.

ಅವನು ಮಾಡುತ್ತಿದ್ದದ್ದು ಇಷ್ಟೆ. ಸಣ್ಣ ಗದ್ದೆಯವರಲ್ಲಿ ಮುಯ್ಯಿ ಆಳಿನ ಪದ್ಧತಿ ಇದೆ. ಇವತ್ತು ನಿನ್ನ ಗದ್ದೆಯ ನಟ್ಟಿಗೆ ನಾನು ಬಂದರೆ ನಾಳೆ ನನ್ನ ನಟ್ಟಿಗೆ ನೀನು ಬರಬೇಕು, ಕೂಲಿಯಿಲ್ಲ. ಆ ಗದ್ದೆಯ ಪದ್ಧತಿಯನ್ನು ಇವನು ತಂದು ಎಸ್ಟೇಟಿನೊಳಗೆ ಬಿತ್ತಿದ. ಒಂದು ಸಲ ಏರಿನಲ್ಲಿ ಗಾಡಿ ಹೂತುಕೊಂಡಿತು. ಇವನು ಅಂಗಿ ಬಿಚ್ಚಿ ಬೇಲಿಯ ಮೇಲೆ ಹಾಕಿ, ಪಲ್ಪರ್ ಮನೆಯವರನ್ನೂ ಕರೆದುಕೊಂಡು ಹೋಗಿ ಚಕ್ರಕ್ಕೆ ಹೆಗಲು ಕೊಟ್ಟ. ಆಮೇಲೊಂದು ದಿನ ಅಕಾಲದಲ್ಲಿ ಮೋಡ ಕವಿದಾಗ ಗಾಡಿಯವರು ತಾವಾಗಿಯೇ ಓಡಿಬಂದು ಕಣದ ಬೀಜವನ್ನೆಲ್ಲ ಗುಡ್ಡೆ ಮಾಡಿ ಮುಚ್ಚಿದರು. ದೊರೆಗಳು ಬಂಗಲೆಯ ಜಗಲಿಯಲ್ಲಿ ನಿಂತು ನೋಡಿ ತಲೆದೂಗಿದರು. ನನಗೆ ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು.

ಗಾಡಿಯವರ ಯಜಮಾನ ನನ್ನದೇ ವಯಸ್ಸಿನವನು. ಅವನನ್ನು ಹಿಡಿದು ಕೇಳಿದೆ:

"ಸಂಬಳದ ತೋಟದಲ್ಲಿ ಮುಯ್ಯಿ ಎಂಥದ್ದು ಮಾರಾಯ?"

"ಹೂತ ಚಕ್ರಕ್ಕೆ ಸಂಬಳ ಗೊತ್ತಾಗ್ತದಾ ರೈಟ್ರೇ? ನೂಕಿದ್ರೆ ಹೋಗ್ತದೆ" ಎಂದ ಅವನು.

ಆ ವರ್ಷ ನಮ್ಮ ದೊಡ್ಡ ರೈಟರು ವಯಸ್ಸಾಯಿತೆಂದು ಕೆಲಸ ಬಿಟ್ಟರು. ನಾಲ್ಕೂ ಕಡೆಯ ಕೆಲಸ ನೋಡಿಕೊಳ್ಳುವ ಆ ಹುದ್ದೆ ಅವನಿಗೇ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಅಷ್ಟರಲ್ಲಿ ಕಳಸದ ಕಡೆಯ ಇನ್ನೊಬ್ಬ ದೊರೆ ಹೆಚ್ಚು ಸಂಬಳ ಹೇಳಿ ಅವನನ್ನು ಕರೆದರು, ಅವನು ಹೊರಟ. ಅಬ್ಬಾ, ಆ ಬೀಳ್ಕೊಡುಗೆ! ಗಾಡಿಯವರು ಎತ್ತಿನ ಕೊರಳಿಗೆ ಹೂವು ಕಟ್ಟಿದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಸತ್ತಿದ್ದರೂ ಅವರು ಅಷ್ಟು ಅಳುತ್ತಿರಲಿಲ್ಲ.

ಮಾರನೆಯ ದಿನ ದೊರೆಗಳು ನನ್ನನ್ನು ಕರೆಸಿದರು. "ಈ ಕೊಯ್ಲಿಗೆ ನೀನೇ ದೊಡ್ಡ ರೈಟರ್. ಗಲಾಟೆಯಿಲ್ಲದೆ ಕೊಯ್ಲು ಮುಗಿಸಿದರೆ ಕಾಯಂ. ಹಣ್ಣು ಹಾಳಾದರೆ ಎಷ್ಟು ಕೊಟ್ಟಾದರೂ ಅವನನ್ನೇ ವಾಪಸು ತರಿಸುತ್ತೇನೆ" ಎಂದರು.

ಅವನು ಎದ್ದುಹೋದ ಎಲೆಯ ಮುಂದೆ ನನ್ನನ್ನು ಊಟಕ್ಕೆ ಕೂರಿಸಿದ್ದರು. ಆದರೂ ಕೂತೆ. ಆ ಹುದ್ದೆಗೆ ಎಷ್ಟು ಆಸೆಪಟ್ಟಿದ್ದೆನೆಂದು ನನಗೊಬ್ಬನಿಗೇ ಗೊತ್ತು.

ಅವನು ಮಾಡಿದ್ದನ್ನು ನಾನು ಮಾಡಲಾರೆನೇ ಎಂದು ನಾಲ್ಕೂ ಕಡೆಯ ಮುಖ್ಯಸ್ಥರನ್ನು ಆಫೀಸಿಗೆ ಕರೆಸಿದೆ: ಕೊಯ್ಲಿನ ಮೇಸ್ತ್ರಿ, ಪಲ್ಪರಿನ ಫಿಟ್ಟರು, ಕಣದ ಹೆಂಗಸರ ಮುಂದಾಳು ಒಬ್ಬ ಅಜ್ಜಿ, ಮತ್ತೆ ಆ ಗಾಡಿಯವನು. ಬೆಲ್ಲದ ಕಾಫಿ ಕೊಡಿಸಿದೆ. ಎದ್ದು ನಿಂತು, "ಇನ್ನು ಮುಂದೆ ಈ ಎಸ್ಟೇಟಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮುಯ್ಯಿ ಮಾಡತಕ್ಕದ್ದು. ಇದು ನನ್ನ ಆರ್ಡರು" ಎಂದೆ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫಿಟ್ಟರು ಲೋಟದೊಳಗೆ ನೋಡಿದ. ಮೇಸ್ತ್ರಿ ಮೆಲ್ಲಗೆ, "ಆರ್ಡರ್ ಮಾಡಿ ಮುಯ್ಯಿ ಮಾಡಿಸ್ತಾರಾ ಅಯ್ಯಾ?" ಎಂದ.

"ಹಾಗಾದರೆ ಅವನು ಹೇಗೆ ಕರೀತಿದ್ದ?"

"ಅವ್ರು ಕರೀತಿರ್ಲಿಲ್ಲ. ಅವ್ರೇ ಬರ್ತಿದ್ರು" ಎಂದಳು ಅಜ್ಜಿ.

ಥೂ, ಅಲ್ಲೂ ಅವನೇ! ಕೈಲಾಗದವನು ಮೈ ಪರಚಿಕೊಂಡ ಹಾಗೆ ಆ ದಿನವೆಲ್ಲ ಸಿಕ್ಕಿದವರ ಮೇಲೆ ರೇಗಿದೆ.

ಕೊಯ್ಲು ಭರದಲ್ಲಿದ್ದಾಗ ಒಂದು ಮಧ್ಯಾಹ್ನ ಫಿಟ್ಟರು ಏದುಸಿರು ಬಿಡುತ್ತ ಬಂದ. "ರೈಟ್ರೇ, ನೀರು ನಿಂತ್ಹೋಯ್ತು! ಕಾಲುವೆ ಒಡೆದಿದೆ!" ಗುಡ್ಡದ ಮೇಲಿನ ಹಳ್ಳದಿಂದ ಪಲ್ಪರ್ ಮನೆಗೆ ಬರುವ ಕಾಲುವೆಯ ದಂಡೆ ಕುಸಿದು, ನೀರೆಲ್ಲ ಕಣಿವೆಗೆ ಹರಿಯುತ್ತಿತ್ತು. ನೀರಿಲ್ಲದೆ ಪಲ್ಪರ್ ನಡೆಯುವುದಿಲ್ಲ. ಕೊಯ್ದ ಹಣ್ಣನ್ನು ಅವತ್ತೇ ಸುಲಿಯದಿದ್ದರೆ ರಾಶಿಯೊಳಗೆ ಕಾವು ಏರಿ ಹುಳಿ ಹಿಡಿಯುತ್ತದೆ. ತೊಟ್ಟಿಯ ತುಂಬ ಕೆಂಪು ಹಣ್ಣು ಕೂತಿತ್ತು. ಅದು ಕೆಟ್ಟರೆ ನನ್ನ ಹುದ್ದೆಯೂ ಹೋಯಿತು. ಹುದ್ದೆ ಹೋದರೂ ಸಹಿಸಿಕೊಂಡೇನು, ಅವನು ಹೂವು ಕಟ್ಟಿದ ಗಾಡಿಯಲ್ಲಿ ನಗುತ್ತ ಬಂದಿಳಿಯುವುದನ್ನು ಹೇಗೆ ಸಹಿಸಲಿ?

ಗುದ್ದಲಿ ಹಿಡಿದು ಗುಡ್ಡ ಹತ್ತಿದೆ, ಫಿಟ್ಟರು ಹಿಂದೆ. ಇಬ್ಬರಿಂದ ಆಗುವ ಕೆಲಸವಲ್ಲ ಅದು. ಹಾಕಿದ ಮಣ್ಣೆಲ್ಲ ನೀರಿನ ಜೊತೆ ಕೊಚ್ಚಿಕೊಂಡು ಹೋಗುತ್ತಿತ್ತು. ಯಾರನ್ನಾದರೂ ಕರೆಯೋಣವೆಂದರೆ ಬಾಯಿ ಬರಲಿಲ್ಲ. ಕರೆದು ಬರದಿದ್ದರೆ? ಆ ಅವಮಾನಕ್ಕಿಂತ ಮಣ್ಣು ಹೊರುವುದೇ ಮೇಲು ಎನ್ನಿಸಿತು.

ಅಷ್ಟರಲ್ಲಿ ಕೆಳಗೆ ಮಾತು ಕೇಳಿಸಿತು. ಮೇಸ್ತ್ರಿ ಕೊಯ್ಲಿನವರನ್ನು ಕರೆದುಕೊಂಡು ಬರುತ್ತಿದ್ದ. ಗಾಡಿಯವರು ಖಾಲಿ ಗೋಣಿಚೀಲ ಹೆಗಲಿಗೆ ಹಾಕಿಕೊಂಡಿದ್ದರು. ಕಣದ ಹೆಂಗಸರು ಬುಟ್ಟಿ ತಂದಿದ್ದರು. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಚೀಲಕ್ಕೆ ಮಣ್ಣು ತುಂಬಿ, ಕಲ್ಲು ಕೊಟ್ಟು, ದಂಡೆ ಕಟ್ಟಿದರು. "ಹುಷಾರು ಅಜ್ಜೀ, ಜಾರ್ತದೆ" ಎಂದು ಗಾಡಿಯವನು ಅವಳ ಬುಟ್ಟಿ ಇಸಿದುಕೊಂಡ. ಹೊತ್ತು ಮುಳುಗುವ ಮೊದಲು ನೀರು ತಿರುಗಿತು. ಕೆಳಗೆ ಪಲ್ಪರ್ ಗಡಗಡ ಎಂದಿತು.

ನನ್ನ ಎದೆ ಉಬ್ಬಿಹೋಯಿತು. ಬಂದರು, ನನ್ನ ಹತ್ತಿರ ಬಂದರು! ಅವನು ಇಲ್ಲಿದ್ದು ಇದನ್ನು ನೋಡಬೇಕಿತ್ತು ಎಂದುಕೊಂಡೆ. "ನನಗೋಸ್ಕರ ಬಂದಿರಲ್ಲ, ಸಾಯುವವರೆಗೆ ಮರೆಯೋದಿಲ್ಲ" ಎಂದೆ.

ಗಾಡಿಯವನು ಕಾಲಿನ ಕೆಸರು ಕೆರೆಯುತ್ತ ಹೇಳಿದ: "ಬೇಜಾರ್ ಮಾಡ್ಕೋಬೇಡಿ ರೈಟ್ರೇ. ಆ ರೈಟ್ರು ಹೋಗೋವಾಗ ಹೇಳಿ ಹೋಗಿದ್ರು. 'ನನಗೆ ನೀವು ಮಾಡ್ಬೇಕಾದ ಮುಯ್ಯಿ ಉಳೀತಲ್ಲ, ಅದನ್ನ ತೋಟದ ರೈಟ್ರಿಗೆ ಮಾಡಿ. ಅವ್ರು ಕೇಳೋರಲ್ಲ, ಕಷ್ಟ ಬಂದಾಗ ನೀವೇ ಹೋಗಿ' ಅಂತ. ಇವತ್ತಿಗೆ ಅದು ತೀರ್ತು."

ಅಯ್ಯೋ ಪಾಪಿ! ಹೋಗುವಾಗಲೂ ನನ್ನನ್ನು ಸುಮ್ಮನೆ ಬಿಡಲಿಲ್ಲವಲ್ಲ.

ದೊರೆಗಳು ಕುದುರೆಯ ಮೇಲೆ ಬಂದು ಕಾಲುವೆ ನೋಡಿದರು, ಜನರನ್ನು ನೋಡಿದರು, ನನ್ನ ಕೆಸರು ಕೈಯನ್ನೇ ಹಿಡಿದು ಕುಲುಕಿ, "ಇಂಥದ್ದು ಅವನ ಕಾಲದಲ್ಲೂ ನೋಡಿರಲಿಲ್ಲ. ಕಾಯಂ" ಎಂದರು. ಜನರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ನೆಲ ನೋಡಿದೆ.

ಮನೆಯಲ್ಲಿ ಹೆಂಡತಿ ಸಂತೋಷಕ್ಕೆ ಪಾಯಸ ಮಾಡಿದಳು. ನಡೆದದ್ದನ್ನು ಕೇಳಿ, "ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರ್ಲಿ" ಎಂದಳು.

"ಇಲ್ಲಿ ನನ್ನ ಹೊಟ್ಟೆ ಉರೀತಿದೆ. ಅದಕ್ಕೇನು ಹೇಳ್ತೀ?"

"ಪಾಯಸ ಆರಿಸ್ಕೊಂಡು ತಿನ್ನಿ" ಎಂದಳು. ನಾನು ಮುಟ್ಟಲಿಲ್ಲ.

ಬೆಳಗಾಗುತ್ತಲೇ ಗುದ್ದಲಿ ತೆಗೆದುಕೊಂಡು ಗಾಡಿ ದಾರಿಗೆ ಹೋದೆ. ಏರಿನ ಕೊರಕಲಿಗೆ ಕಲ್ಲು ತುಂಬತೊಡಗಿದೆ. ಅಂಗೈಯಲ್ಲಿ ನಿನ್ನೆಯ ಬೊಬ್ಬೆ ಒಡೆದು ಉರಿಯುತ್ತಿತ್ತು. ಗಾಡಿಯವನು ಎತ್ತು ಹೊಡೆದುಕೊಂಡು ಬಂದವನು ನನ್ನನ್ನು ಕಂಡು ಗಾಡಿ ನಿಲ್ಲಿಸಿದ. ಅವನೂ ಇಳಿದು ಒಂದು ಕಲ್ಲು ಎತ್ತಿದ.

"ಇದನ್ನೂ ಅವ್ರೇ ಹೇಳಿ ಹೋಗಿದ್ರಾ ರೈಟ್ರೇ?" ಎಂದ.

"ಇದು ನನ್ನದು ಮಾರಾಯ!" ಎಂದು ಕಿರುಚಿದೆ. "ನಾನೇ ಬಂದದ್ದು, ನನ್ನ ಕೈಯಾರೆ ಮಾಡ್ತಿರೋದು. ಇದನ್ನೂ ಅವನ ಹೆಸರಿಗೆ ಹಾಕಿದರೆ ನೋಡು ಮತ್ತೆ!"