‘ಅಡ್ಡಿಯಿಲ್ಲ’ ಎಂದ ಸಿನಿಮಾಗಳು

“ಒಬ್ರೇನಾ ಮೇಡಂ?”

ಹೆಬ್ಬಾಳದ ಕಡೆಯ ಮಾಲ್‌ನಲ್ಲಿ ಟಿಕೆಟ್ ಕೊಡುವವಳು ಹೀಗೆ ಕೇಳಿ, ಕಂಪ್ಯೂಟರ್ ತುಂಬ ಪುಟ್ಟ ಚೌಕಗಳನ್ನು ತೋರಿಸಿದಳು. ಎಲ್ಲಿ ಕೂರುತ್ತೇನೆಂದು ನಾನೇ ಆರಿಸಬೇಕಂತೆ. ಹಾವೇರಿಯಲ್ಲಿ ನಾನೂ ತಂಗಿ ರೇಣುಕಾಳೂ ಟಾಕೀಜಿನ ಬಾಗಿಲು ತೆರೆದ ಕೂಡಲೇ ನುಗ್ಗಿ, ಕರವಸ್ತ್ರ ಹಾಸಿ, ಓಣಿಯವರಿಗೆಲ್ಲ ಜಾಗ ಹಿಡಿಯುತ್ತಿದ್ದೆವು. ಇಲ್ಲಿ ಮೂಲೆಯ ಒಂದು ಚೌಕ ಸಾಕಾಯಿತು. ಮಧ್ಯಂತರದಲ್ಲಿ ಏನು ಮಾಡುವುದೆಂದು ತಿಳಿಯದೆ, ಯಾರದೋ ಕರೆ ಬರಲಿದೆ ಎಂಬಂತೆ ಫೋನ್ ಹಿಡಿದು ಕೂತೆ.

ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಸಿಕ್ಕಿ ನಾನು ಆರ್.ಟಿ. ನಗರಕ್ಕೆ ಬಂದು ಆಗ ಎರಡು ತಿಂಗಳು. ಗಂಗಾನಗರದಲ್ಲಿ ಒಂದು ಕೋಣೆ. ಮನೆಯ ಮಾಲೀಕರು ಒಳ್ಳೆಯವರೇ, “ಊಟ ಆಯ್ತಾ?” ಎಂದು ಕೇಳುತ್ತಾರೆ, ಉತ್ತರಕ್ಕೆ ಮಾತ್ರ ನಿಲ್ಲುವುದಿಲ್ಲ. ಜೋಳದ ರೊಟ್ಟಿ ಮಾರುವವರನ್ನು ಪತ್ತೆ ಹಚ್ಚಿದೆ, ಬಸ್ಸಿನ ನಂಬರುಗಳು ಬಾಯಿಪಾಠವಾದವು. ಭಾನುವಾರವೊಂದು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಸಿನಿಮಾಕ್ಕೆ ಜೊತೆಗೆ ಬರುವವರು ಒಬ್ಬರು ಸಿಕ್ಕರೆ ಸಾಕು ಎಂದು ಹಂಬಲಿಸುತ್ತಿದ್ದೆ.

ಊರಲ್ಲಿದ್ದಾಗ ಹೊಸ ಚಿತ್ರವನ್ನು ಮೊದಲ ದಿನವೇ ನೋಡಿ ಬರುವವಳು ನಾನು. ಟಾಕೀಜಿಗೆ ಹೋಗುವುದೋ, ಟೀವಿಗೆ ಬರುವ ತನಕ ಕಾಯುವುದೋ ಎಂದು ಓಣಿಯವರೆಲ್ಲ ನನ್ನನ್ನೇ ಕೇಳುತ್ತಿದ್ದರು. ನಾನು “ಅಡ್ಡಿಯಿಲ್ಲ” ಎಂದರೆ ಮುಗಿಯಿತು, ಮರುದಿನ ಓಣಿಗೆ ಓಣಿಯೇ ಟಾಕೀಜಿನಲ್ಲಿ. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಎಲ್ಲಿದೆ? ಮದುವೆಯ ಊಟವಿರಲಿ, ಸೊಸೆಯ ಗುಣವಿರಲಿ, ಅಷ್ಟರಲ್ಲೇ ತೀರಿಸಿಬಿಡುತ್ತೇವೆ.

ಮಾಲ್‌ಗೆ ಹೋಗಿ ಬಂದ ಮರುದಿನ, ಸೋಮವಾರ, ಅಂಗಡಿಯಲ್ಲಿ ಫ್ರೇಮ್ ತೋರಿಸುವ ಶ್ವೇತಾ ಕೇಳಿದಳು, “ಹೆಂಗಿತ್ತು ಮೇಡಂ ಪಿಚ್ಚರ್? ಥಿಯೇಟರ್‌ಗೇ ಹೋಗ್ಬೇಕಾ?”

“ಅಡ್ಡಿಯಿಲ್ಲ,” ಎಂದೆ ಮನಸಾರೆ. ಆ ಚಿತ್ರ ನೋಡಿ ಅತ್ತಿದ್ದೆ. ಅವಳು ಹೊರಟರೆ ಇನ್ನೊಮ್ಮೆ ನೋಡಲೂ ಸಿದ್ಧಳಿದ್ದೆ.

“ಓ, ಅಷ್ಟೇನಾ? ಬಿಡಿ, ಮನೇಲೇ ಫೋನಲ್ಲಿ ನೋಡ್ಕೋತೀನಿ.”

ಹೀಗೆ ಮೂರು ಚಿತ್ರಗಳಾದವು. ಇವಳಿಗೆ ನನ್ನ ಜೊತೆ ಬರುವ ಮನಸ್ಸಿಲ್ಲ ಎಂದುಕೊಂಡು ಒಳಗೊಳಗೇ ಕುದಿದೆ. ಕೊನೆಗೆ ಅವಳೇ ಕೇಳಿದಳು, “ಯಾವ್ದೂ ಇಷ್ಟ ಆಗಲ್ಲ, ಆದ್ರೂ ಪ್ರತಿ ವಾರ ಯಾಕ್ ಹೋಗ್ತೀರಾ ಮೇಡಂ?”

“ಇಷ್ಟ ಆಗಂಗಿಲ್ಲ ಅಂತ ಯಾರ್ ಹೇಳ್ಯಾರವಾ? ಅಡ್ಡಿಯಿಲ್ಲ ಅಂದ್ನಲ್ಲಾ!”

“ಅಡ್ಡಿಯಿಲ್ಲ ಅಂದ್ರೆ ಸುಮಾರು ಅಂತ ಅಲ್ವಾ?”

ನಮ್ಮ ಕಡೆ ಅದು ದೊಡ್ಡ ಹೊಗಳಿಕೆ ಎಂದು ತಿಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇಲ್ಲಿ ಸೂಪರ್ ಅನ್ಬೇಕು ಕಣ್ರೀ. ಇಲ್ಲಾಂದ್ರೆ ಯಾರೂ ಎದ್ದು ಬರಲ್ಲ.”

ದಿನವಿಡೀ ಗಾಜು ಬದಲಿಸುತ್ತ “ಈಗ ಹೇಗಿದೆ?” ಎಂದು ಕೇಳುವವಳು ನಾನು. “ಪರವಾಗಿಲ್ಲ” ಎಂದವರಿಗೆ ಇನ್ನೂ ಸರಿಯಾಗಿ ಕಾಣುತ್ತಿಲ್ಲ ಎಂಬುದನ್ನು ಬಂದ ವಾರದಲ್ಲೇ ಕಲಿತಿದ್ದೆ. ನನ್ನ ಮಾತೂ ಇವರ ಕಿವಿಗೆ ಹಾಗೆಯೇ ಬೀಳುತ್ತದೆಂದು ಹೊಳೆದಿರಲಿಲ್ಲ, ಪೆದ್ದಿ.

ಮುಂದಿನ ಚಿತ್ರಕ್ಕೆ ನಾಚುತ್ತಲೇ “ಸೂಪರ್” ಎಂದೆ. ಭಾನುವಾರ ಶ್ವೇತಾ ವಿದ್ಯಾರಣ್ಯಪುರದಿಂದ ಬಸ್ ಹಿಡಿದು ಬಂದೇಬಿಟ್ಟಳು. “ಎರಡು ಟಿಕೆಟ್” ಎನ್ನುವಾಗ ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಆದರೆ ಚಿತ್ರ ಮುಗಿದದ್ದೇ ಅವಳು ಬಸ್ಸಿಗೆ ಓಡಿದಳು. ಕಥೆಯ ಬಗ್ಗೆ ಎರಡು ಮಾತು ಆಡಬೇಕೆಂದು ಬಾಯಿ ತುಡಿಯುತ್ತಿತ್ತು. ಕೋಣೆಗೆ ಬಂದಾಗ ಮೊದಲಿಗಿಂತ ಹೆಚ್ಚು ಒಂಟಿ ಅನಿಸಿತು. ರೇಣುಕಾಳಿಗೆ ಫೋನ್ ಹಚ್ಚಿದೆ.

“ಹೆಂಗೈತಿ ಅಕ್ಕಾ ಪಿಕ್ಚರ್? ಟಾಕೀಜಿಗೆ ಹೋಗೂಣೇನು?”

“ಸೂಪರ್ ಐತಿ!” ಎಂದುಬಿಟ್ಟೆ.

“ಹಂಗಾರ ಬ್ಯಾಡ ಬಿಡು. ಹಂಗ ಎಲ್ಲಾರೂ ಅಂತಾರ. ಟೀವ್ಯಾಗ ಬಂದಾಗ ನೋಡ್ತೀವಿ.” ಆಮೇಲೆ ಮೆಲ್ಲಗೆ ಕೇಳಿದಳು, “ನೀ ಹೆಂಗದಿ ಅಲ್ಲೆ?”

“ಅಡ್ಡಿಯಿಲ್ಲ,” ಎಂದೆ.

ತಂಗಿಗೆ ಖುಷಿಯಾಯಿತು. ಶ್ವೇತಾ ಕೇಳಿಸಿಕೊಂಡಿದ್ದರೆ ನಿಜ ತಿಳಿದುಬಿಡುತ್ತಿತ್ತು.