ಪಕ್ಕದ ಮನೆ ಅಜ್ಜಿಗೆ ಓದಿದ ಕಥೆ

ಹೊನ್ನವಳ್ಳಿಯ ನಮ್ಮ ಪಕ್ಕದ ಮನೆ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮಚ್ಚಿನಿಂದ ಉಂಡೆ ಕೊಬ್ಬರಿಯ ಕರಟ ಬಿಡಿಸುತ್ತಾ, ಲೈಬ್ರರಿ ಪುಸ್ತಕದಿಂದ ದಿನಕ್ಕೊಂದು ಕಥೆ ನನ್ನ ಕೈಲಿ ಓದಿಸುತ್ತಿದ್ದಳು. ಎಲ್ಲವೂ ಬೆಳೆಯುವ ಹುಡುಗಿಯರ ಕಥೆಗಳು. ಯಾವಳಾದರೂ ಅತ್ತರೆ, "ಅತ್ತಿದ್ದು ಸಾಕು ಬುಡು, ಮುಂದಕ್ಕೆ ಓದು" ಎನ್ನುವಳು.

ಒಂದು ಕಥೆಯಲ್ಲಿ ಹುಡುಗಿಯನ್ನು ಹತ್ತನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು. ಅಜ್ಜಿ ಮಚ್ಚು ಎತ್ತಿ, "ಯಾವೋನೇ ಇದ್ನ ಬರ್ದೋನು?" ಎಂದಳು. ಹೆದರಿದ ನಾನು, ಅವಳು ಮತ್ತೆ ಓದಿ ಟೀಚರಾದಳೆಂದು ಇಲ್ಲದ್ದನ್ನೆಲ್ಲ ಸೇರಿಸಿ ಓದಿದೆ.

ಆ ವರ್ಷ ಅಪ್ಪ ನನ್ನನ್ನೂ ಸ್ಕೂಲು ಬಿಡಿಸಲು ಹೊರಟಿದ್ದ. ಅಜ್ಜಿ ಗದರಿದಳು: "ಓದಿದೋಳು ಟೀಚರಾದ್ಲು ಅಂತ ಪುಸ್ತಕದಲ್ಲೇ ಐತೆ ಕಣಪ್ಪ!" ಅಪ್ಪ ಮರುದಿನವೇ ನನ್ನ ಸ್ಕೂಲು ಫೀಸು ಕಟ್ಟಿ ಬಂದ.

ಆಮೇಲೆ ನನ್ನ ಕಿವಿ ಹಿಂಡಿ ಪಿಸುಗುಟ್ಟಿದಳು: "ಇನ್ಮೇಲೆ ಸುಳ್ಳು ಓದುವಾಗ ಪುಟಾನಾದ್ರೂ ತಿರುಗ್ಸೇ."